ಮೆಟ್ಟಿಲಿಳಿದು ಬಂದವಳು

ನಾನು ಓದಿದ ಕಾನ್ವೆಂಟ್ ಶಾಲೆಯ ಹೊಲಿಗೆ ಕೋಣೆಯಲ್ಲಿ ಒಂದು ಪಟ ತೂಗುತ್ತಿತ್ತು. ಕಂದು ನಿಲುವಂಗಿ, ಬಿಳಿಯ ಮೇಲಂಗಿ, ಕಪ್ಪು ಮುಸುಕು ತೊಟ್ಟ ಎಳೆಯ ಸನ್ಯಾಸಿನಿ. ತೋಳ ತುಂಬ ಗುಲಾಬಿ, ಗುಲಾಬಿಗಳ ನಡುವೆ ಒಂದು ಶಿಲುಬೆ. ಕ್ರೈಸ್ತ ಗೆಳತಿಯರು ಅವಳನ್ನು ‘ಲಿಟಲ್ ಫ್ಲವರ್’ ಎನ್ನುತ್ತಿದ್ದರು. ಉಳಿದ ನಮಗೆಲ್ಲ ಅವಳು ‘ಗುಲಾಬಿ ಅಮ್ಮ’. ಸೂಜಿಗೆ ನೂಲು ಪೋಣಿಸಲಾರದೆ ನಾವು ಗಲಾಟೆ ಎಬ್ಬಿಸಿದಾಗ ಹೊಲಿಗೆಯ ಸಿಸ್ಟರ್ ಆ ಪಟದ ಕಡೆಗೆ ಬೆರಳು ತೋರಿಸಿ, ಅವಳ ತಾಳ್ಮೆ ನೋಡಿ ಕಲಿಯಿರಿ ಎನ್ನುತ್ತಿದ್ದರು. ಅದರಿಂದಾಗಿ ನನಗೆ ಅವಳ ಮೇಲೆ ಸಣ್ಣದೊಂದು ಸಿಟ್ಟೇ ಇತ್ತು. ಬೈದರೂ ನಗುವ, ಅತ್ತರೂ ಅಂದವಾಗಿ ಅಳುವ ಹುಡುಗಿಯರನ್ನು ಕಂಡರೆ ತರಗತಿಯ ಉಳಿದವರಿಗೆ ಬರುತ್ತದಲ್ಲ, ಅಂಥ ಸಿಟ್ಟು.

ಆ ಪಟದ ಹುಡುಗಿ ನಿಜವಾಗಿ ಯಾರೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅದು ತಿಳಿಯುವ ಹೊತ್ತಿಗೆ ನಾನು ಯಾವ ಸ್ಥಿತಿಯಲ್ಲಿದ್ದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ.

ಮದುವೆಯಾಗಿ ನಾನು ಸೇರಿದ್ದು ತುಂಬಿದ ಮನೆ. ಅತ್ತೆ, ಮಾವ, ಭಾವ, ಹಿರಿಯ ಓರಗಿತ್ತಿ, ಮಕ್ಕಳು, ಬಂದುಹೋಗುವ ನೆಂಟರು. ಯಾರೂ ನನಗೆ ಕೇಡು ಬಗೆದವರಲ್ಲ. ಆದರೂ ಅಕ್ಕನಿಗೂ (ಓರಗಿತ್ತಿಯನ್ನು ನಾನು ಕರೆಯುವುದು ಹಾಗೆ) ನನಗೂ ಎಣ್ಣೆ-ಸೀಗೆಕಾಯಿ. ಜಗಳವೆಂದು ಹೆಸರಿಡುವಂಥದ್ದು ಏನೂ ಇರಲಿಲ್ಲ. ಅವರು ಸಾರು ಕಲಕಿದ ಮೇಲೆ ಸೌಟನ್ನು ಪಾತ್ರೆಯ ಅಂಚಿಗೆ ಮೂರು ಸಲ ಕುಟ್ಟುತ್ತಿದ್ದರು. ಟಣ್, ಟಣ್, ಟಣ್. ಆ ಮೂರನೆಯ ‘ಟಣ್’ ನನಗೇ ಆಡಿದ ಮಾತಿನಂತೆ ಕೇಳಿಸುತ್ತಿತ್ತು. ನಮ್ಮವರು ಬ್ಯಾಂಕಿನಲ್ಲಿದ್ದರು. ಇವರಿಗೊಂದು ವರ್ಗವಾದರೆ ಸಾಕು, ನನ್ನ ಬಾಳು ನೆಟ್ಟಗಾಗುತ್ತದೆ ಎಂದು ಒಂಬತ್ತು ವರ್ಷ ಕಾದೆ. ಹರಕೆ ಹೊತ್ತೆ. ಕೊನೆಗೆ ಆರ್ಡರ್ ಬಂತು. ಬಯಲುಸೀಮೆಯ ಒಂದು ಊರಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ನನ್ನದೇ ಅಡುಗೆಮನೆ, ನನ್ನದೇ ಸೌಟು. ಆರು ತಿಂಗಳು ಸುಖವಾಗಿದ್ದೆ. ಆಮೇಲೆ ಮಹಡಿಯ ಮೇಲಿನ ಮನೆಯವರು ಕುರ್ಚಿ ಎಳೆಯುವ ಸದ್ದು ಶುರುವಾಯಿತು. ಅವರು ಬೇಕೆಂದೇ, ನಾನು ಮಲಗಿದಾಗಲೇ ಎಳೆಯುತ್ತಾರೆ ಎಂದು ನಾನು ಗಂಡನಿಗೆ ದೂರು ಹೇಳುತ್ತಿದ್ದಾಗ ನನ್ನ ದನಿ ನನಗೇ ಕೇಳಿಸಿತು. ಟ್ರಂಕು, ಹಾಸಿಗೆ, ಒರಳಿನ ಜೊತೆ ನನ್ನನ್ನೂ ನಾನು ಅದೇ ಲಾರಿಗೆ ಹೇರಿಕೊಂಡು ಬಂದಿದ್ದೆ.

ಅದೇ ದಿನಗಳಲ್ಲಿ ಪಕ್ಕದ ಮನೆಯ ನರ್ಸಮ್ಮ ಓದಲು ಕೊಟ್ಟ ಪುಸ್ತಕದಲ್ಲಿ ‘ಗುಲಾಬಿ ಅಮ್ಮ’ ಮತ್ತೆ ಸಿಕ್ಕಳು. ಆದರೆ ಅದರಲ್ಲಿದ್ದುದು ಫೋಟೋಗಳು. ಗುಲಾಬಿ ಹಿಡಿದ ಚಿತ್ರ ಅವಳ ಸ್ವಂತ ಅಕ್ಕ ಸೆಲೀನ್ ಅವಳ ಮರಣಾನಂತರ ಬರೆದದ್ದಂತೆ. ಫೋಟೋಗಳನ್ನು ತೆಗೆದವಳೂ ಅದೇ ಸೆಲೀನ್. 1894ರಲ್ಲಿ ಮಠ ಸೇರುವಾಗ ಕ್ಯಾಮೆರಾವನ್ನೂ ಒಳಗೆ ಒಯ್ದಿದ್ದಳು. ಅಗಲ ಮುಖ, ಗಟ್ಟಿ ಗಲ್ಲ, ನೇರ ನೋಟ. ಒಂದು ಚಿತ್ರದಲ್ಲಂತೂ ಸನ್ಯಾಸಿನಿಯರೆಲ್ಲ ಬಟ್ಟೆ ಒಗೆಯುತ್ತಿದ್ದಾರೆ. ನಮ್ಮ ಬಾವಿಕಟ್ಟೆಯ ಬಳಿ ಸೆರಗು ಸಿಕ್ಕಿಸಿ ನಿಂತ ಹೆಂಗಸರ ನೆನಪಾಯಿತು. ಇವಳ ಕಥೆ ಓದಬಹುದು ಅನಿಸಿತು.

ತೆರೇಸಾ ಮಾರ್ತೆಂ ಹುಟ್ಟಿದ್ದು 1873ರ ಜನವರಿ 2ರಂದು, ಫ್ರಾನ್ಸಿನ ನಾರ್ಮಂಡಿ ಸೀಮೆಯ ಅಲಾನ್ಸೋಂ ಎಂಬ ಊರಿನಲ್ಲಿ. ತಂದೆ ಲೂಯಿ ಗಡಿಯಾರದ ಕೆಲಸದವರು. ತಾಯಿ ಝೆಲಿ ಆ ಊರಿಗೆ ಹೆಸರು ತಂದ ಸೂಜಿ ಲೇಸಿನ ವ್ಯಾಪಾರ ನಡೆಸುತ್ತಿದ್ದ ಗಟ್ಟಿಗಿತ್ತಿ. ಅವರ ವ್ಯಾಪಾರ ಬೆಳೆದಾಗ ಗಂಡ ತನ್ನ ಅಂಗಡಿ ಮಾರಿ ಹೆಂಡತಿಯ ಲೆಕ್ಕಪತ್ರ, ಓಡಾಟ ನೋಡಿಕೊಂಡರು. ನೂರೈವತ್ತು ವರ್ಷದ ಹಿಂದೆ! ಹುಟ್ಟಿದ 9 ಮಕ್ಕಳಲ್ಲಿ 4 ಹೋಗಿ 5 ಹೆಣ್ಣುಮಕ್ಕಳು ಉಳಿದರು. ತೆರೇಸಾ ಕೊನೆಯವಳು. ಅವಳಿಗೆ ನಾಲ್ಕೂವರೆ ವರ್ಷವಾಗಿದ್ದಾಗ, 1877ರ ಆಗಸ್ಟ್‌ನಲ್ಲಿ, ಝೆಲಿ ಸ್ತನದ ಕ್ಯಾನ್ಸರಿನಿಂದ ತೀರಿಕೊಂಡರು. ತಂದೆ ಮಕ್ಕಳನ್ನು ಕರೆದುಕೊಂಡು ಸೋದರಮಾವನ ಊರು ಲಿಸ್ಯೂಗೆ ಬಂದರು.

ಅಲ್ಲಿಂದ ಮುಂದಿನ ತೆರೇಸಾ ಒಂದು ಅಳುಮುಂಜಿ. ನಗುನಗುತ್ತ ಹಟಮಾಡುತ್ತಿದ್ದ ಮಗು ತಾಯಿಯ ಸಾವಿನ ಮೇಲೆ ಮುಟ್ಟಿದರೆ ಮುನಿಯ ಗಿಡದಂತಾಯಿತು. ಯಾರಾದರೂ ಗಟ್ಟಿಯಾಗಿ ನೋಡಿದರೆ ಅಳು. ಅತ್ತದ್ದಕ್ಕೆ ಸಮಾಧಾನ ಮಾಡಿದರೆ, ಅತ್ತೆನಲ್ಲಾ ಎಂದು ಮತ್ತೆ ಅಳು. ತಾಯಿಯ ಜಾಗದಲ್ಲಿ ನಿಂತ ಎರಡನೆಯ ಅಕ್ಕ ಪೋಲಿನ್ 1882ರಲ್ಲಿ ಕಾರ್ಮೆಲ್ ಮಠ ಸೇರಿದಳು. ಮಗುವಿಗೆ ಅದು ಎರಡನೆಯ ಸಲ ತಾಯಿ ಸತ್ತಂತೆ. ಮರುವರ್ಷ ವಿಚಿತ್ರವಾದ ಕಾಯಿಲೆಯಿಂದ ವಾರಗಟ್ಟಲೆ ಹಾಸಿಗೆ ಹಿಡಿದಳು. 1886ರಲ್ಲಿ ಹಿರಿಯಕ್ಕ ಮರಿಯೂ ಮಠಕ್ಕೆ ಹೋದಳು. ಆಸರೆ ಎಂದು ಹಿಡಿದ ಒಂದೊಂದು ಕೈಯೂ ಜಾರಿಹೋಗುತ್ತಿತ್ತು. ಅವಳನ್ನು ಅಳುವಿನಿಂದ ಬಿಡಿಸಲು ಮನೆಯವರು ಮಾಡದ ಉಪಾಯವಿರಲಿಲ್ಲ. ಮುದ್ದು ಮಾಡಿದರು, ಶಾಲೆ ಬಿಡಿಸಿ ಬೇರೆ ಪಾಠಕ್ಕೆ ಹಾಕಿದರು, ಪೂಜೆ ಮಾಡಿಸಿದರು. ಯಾವುದರಿಂದಲೂ ಆ ಅಳು ನಿಲ್ಲಲಿಲ್ಲ.

ನಿಂತದ್ದು 1886ರ ಕ್ರಿಸ್‌ಮಸ್ ರಾತ್ರಿ. ಅವಳಿಗೆ ಹದಿನಾಲ್ಕು ತುಂಬಲು ಒಂದು ವಾರವಿತ್ತು. ಫ್ರಾನ್ಸಿನಲ್ಲಿ ಮಕ್ಕಳು ಅಗ್ಗಿಷ್ಟಿಕೆಯ ಮುಂದೆ ಬೂಟು ಇಡುತ್ತಿದ್ದರು. ನಡುರಾತ್ರಿಯ ಬಲಿಪೂಜೆ ಮುಗಿಸಿ ಬರುವಷ್ಟರಲ್ಲಿ ಅದರೊಳಗೆ ಉಡುಗೊರೆ ಇರುತ್ತಿತ್ತು. ಬೆಳೆದ ಹುಡುಗಿಯಾದರೂ ಮನೆಯ ಕೊನೆಯ ಕೂಸೆಂದು ಸೆಲೀನ್ ಇನ್ನೂ ಆ ಪದ್ಧತಿ ನಡೆಸುತ್ತಿದ್ದಳು. ಆ ರಾತ್ರಿ ತಂದೆಗೆ ದಣಿವಾಗಿತ್ತು. ಬೂಟುಗಳನ್ನು ಕಂಡು, ಸದ್ಯ ಇದೇ ಕೊನೆಯ ವರ್ಷವಲ್ಲ ಎಂಬ ಅರ್ಥದ ಬೇಸರದ ಮಾತೊಂದು ಅವರ ಬಾಯಿಂದ ಹೊರಟಿತು. ಟೋಪಿ ತೆಗೆದಿಡಲು ಮೆಟ್ಟಿಲು ಹತ್ತುತ್ತಿದ್ದ ತೆರೇಸಾಗೆ ಅದು ಕೇಳಿಸಿತು. ಕಣ್ಣು ತುಂಬಿತು. ಹಿಂದೆ ಬಂದ ಸೆಲೀನ್‌ಗೆ ಮುಂದಿನದು ಗೊತ್ತೇ ಇತ್ತು. ಈಗಲೇ ಕೆಳಗೆ ಹೋಗಬೇಡ, ಬೂಟು ನೋಡಿದರೆ ಇನ್ನೂ ಅಳು ಬರುತ್ತದೆ ಎಂದಳು.

ತೆರೇಸಾ ಕಣ್ಣೊರೆಸಿಕೊಂಡಳು. ಎದೆ ಹೊಡೆದುಕೊಳ್ಳುತ್ತಿದ್ದರೂ ಸರಸರನೆ ಮೆಟ್ಟಿಲಿಳಿದು ಬಂದು, ತಂದೆಯ ಮುಂದೆ ಕುಳಿತು, ಬೂಟಿನಿಂದ ಒಂದೊಂದೇ ಉಡುಗೊರೆ ತೆಗೆದು ರಾಣಿಯಂತೆ ಸಂಭ್ರಮಿಸಿದಳು. ತಂದೆಯ ಬೇಸರ ಕರಗಿ ಅವರೂ ನಕ್ಕರು. ಸೆಲೀನ್‌ಗೆ ತಾನು ಕನಸು ಕಾಣುತ್ತಿದ್ದೇನೆ ಅನಿಸಿತಂತೆ.

ಇಷ್ಟೇ ಘಟನೆ. ಇದನ್ನು ಮೊದಲ ಸಲ ಓದಿದಾಗ, ಇದರಲ್ಲೇನಿದೆ ಮಹಾ, ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳು ದಿನಕ್ಕೆ ಹತ್ತು ಸಲ ಅಳು ನುಂಗುತ್ತಾರೆ ಎಂದುಕೊಂಡೆ. ಆದರೆ ಅವಳು ಅದನ್ನು ತನ್ನ ಪೂರ್ಣ ಪರಿವರ್ತನೆಯ ರಾತ್ರಿ ಎಂದು ಕರೆದಳು. ಯಾಕೆಂದು ಯೋಚಿಸಿದಾಗ ವ್ಯತ್ಯಾಸ ಕಂಡಿತು. ಅಳು ನುಂಗುವವಳ ಕಣ್ಣು ತನ್ನ ನೋವಿನ ಮೇಲೆಯೇ ಇರುತ್ತದೆ. ನುಂಗಿದ್ದು ಹೊಟ್ಟೆಯಲ್ಲಿ ಕೂತು ಹುಳಿಯಾಗುತ್ತದೆ. ತೆರೇಸಾ ಆ ಮೆಟ್ಟಿಲ ಮೇಲೆ ಮೊದಲ ಬಾರಿಗೆ ತಂದೆಯ ದಣಿವನ್ನು ಕಂಡಳು. ಅರವತ್ತು ದಾಟಿದ, ಹೆಂಡತಿಯಿಲ್ಲದ, ಹೆಣ್ಣುಮಕ್ಕಳನ್ನು ಒಬ್ಬೊಬ್ಬರಾಗಿ ಮಠಕ್ಕೆ ಕಳಿಸಿಕೊಟ್ಟ ಮನುಷ್ಯ. ತನ್ನೊಳಗೆ ಪ್ರೀತಿ ಹೊಕ್ಕಿತು, ತನ್ನನ್ನು ಮರೆತು ಇನ್ನೊಬ್ಬರನ್ನು ಸಂತೋಷಪಡಿಸಬೇಕೆಂಬ ಹಂಬಲ ಹುಟ್ಟಿತು, ಅಂದಿನಿಂದ ಸುಖವಾಗಿದ್ದೆ ಎಂಬುದು ಅವಳ ಬರಹದ ಸಾರ. ಇದು ಅವಳ ಸ್ವಂತ ಸಾಹಸವೆಂದು ಅವಳು ಎಲ್ಲಿಯೂ ಹೇಳಿಕೊಳ್ಳಲಿಲ್ಲ. ತಾನು ವರ್ಷಗಟ್ಟಲೆ ಹೆಣಗಿ ಸೋತ ಕೆಲಸವನ್ನು ಕ್ರಿಸ್ತ ಒಂದು ಗಳಿಗೆಯಲ್ಲಿ ಮಾಡಿದನೆಂದಳು. ನಾನು ಕ್ರೈಸ್ತಳಲ್ಲ, ಆ ನಂಬಿಕೆಯ ಆಳವನ್ನು ಅಳೆಯುವ ಹಕ್ಕು ನನಗಿಲ್ಲ. ಆದರೆ ಅವಳಿಗೆ ಬಂದ ರಕ್ಷಣೆ ಬಾಗಿಲು ತಟ್ಟಿ ಹೊರಗಿನಿಂದ ಬರಲಿಲ್ಲ ಎಂಬುದನ್ನು ಕಾಣಬಲ್ಲೆ. ತಾಯಿ ಮರಳಲಿಲ್ಲ, ಅಕ್ಕಂದಿರು ಮರಳಲಿಲ್ಲ, ತಂದೆಯ ಮಾತು ಹಿಂದೆ ಹೋಗಲಿಲ್ಲ. ಅವಳ ದೇವರು ಅವಳ ಒಳಗೇ ಕೆಲಸ ಮಾಡಿದ.

ಮುಂದಿನದರಲ್ಲಿ ನನಗೆ ತುಂಬ ಹಿಡಿಸಿದ್ದು ಆ ಪ್ರೀತಿ ಮನೆಯೊಳಗೇ ನಿಲ್ಲಲಿಲ್ಲ ಎಂಬುದು. 1887ರಲ್ಲಿ ಪ್ಯಾರಿಸಿನಲ್ಲಿ ಪ್ರಾಂಜೀನಿ ಎಂಬವನಿಗೆ, ಇಬ್ಬರು ಹೆಂಗಸರನ್ನೂ ಒಬ್ಬ ಹುಡುಗಿಯನ್ನೂ ಕೊಂದ ಅಪರಾಧಕ್ಕೆ, ಮರಣದಂಡನೆಯಾಯಿತು. ಇಡೀ ದೇಶ ಅವನಿಗೆ ಶಾಪ ಹಾಕುತ್ತಿದ್ದಾಗ ಹದಿನಾಲ್ಕರ ತೆರೇಸಾ ಅವನಿಗಾಗಿ ಪ್ರಾರ್ಥಿಸಿದಳು. ಆಗಸ್ಟ್ 31ರಂದು ಅವನ ತಲೆ ಕಡಿದರು. ಪತ್ರಿಕೆ ಓದಬಾರದೆಂಬ ತಂದೆಯ ಕಟ್ಟಳೆ ಮುರಿದು ಅವಳು ಸುದ್ದಿ ನೋಡಿದಳು. ಕೊನೆಯ ಗಳಿಗೆಯಲ್ಲಿ ಅವನು ಪಾದ್ರಿಯ ಕೈಯ ಶಿಲುಬೆಗೆ ಮುತ್ತಿಟ್ಟನೆಂದು ಅಲ್ಲಿತ್ತು. ಅವನನ್ನು ಅವಳು ತನ್ನ ಮೊದಲ ಮಗು ಎಂದಳು.

ಅವಳೇನೂ ಸಾಧು ಹಸುವಲ್ಲ. ಹದಿನೈದಕ್ಕೇ ಮಠ ಸೇರಬೇಕೆಂದು ಹಟ ಹಿಡಿದಳು. ಮಠದ ಗುರುಗಳು ಒಪ್ಪಲಿಲ್ಲ, ಬಿಷಪ್ಪರು ಮುಂದೂಡಿದರು. ಯಾತ್ರಿಕರೊಡನೆ ರೋಮಿಗೆ ಹೋದಾಗ, 1887ರ ನವೆಂಬರ್ 20ರಂದು, ಯಾರೂ ಮಾತಾಡಕೂಡದೆಂಬ ಆಜ್ಞೆ ಇದ್ದರೂ ಹದಿಮೂರನೆಯ ಲಿಯೋ ಪೋಪರ ಪಾದದ ಬಳಿ ಮಂಡಿಯೂರಿ ನೇರವಾಗಿ ಅನುಮತಿ ಕೇಳಿಬಿಟ್ಟಳು. ದೇವರ ಚಿತ್ತವಿದ್ದರೆ ಆಗುತ್ತದೆ ಎಂಬಷ್ಟೇ ಉತ್ತರ ಬಂತು. ಏಳದೆ ಕುಳಿತವಳನ್ನು ಕಾವಲಿನವರು ಎತ್ತಿ ಹೊರಗೆ ಒಯ್ದರು. ಅಂದು ಅವಳು ಅತ್ತಳು. ಆದರೆ ಆ ಅಳುವಿನ ಅಡಿಯಲ್ಲಿ ಶಾಂತಿ ಇತ್ತೆಂದು ಬರೆದಿದ್ದಾಳೆ. ಕೊನೆಗೆ ಬಿಷಪ್ಪರೇ ಒಪ್ಪಿ, 1888ರ ಏಪ್ರಿಲ್ 9ರಂದು ಅವಳು ಲಿಸ್ಯೂದ ಕಾರ್ಮೆಲ್ ಮಠದೊಳಗೆ ಕಾಲಿಟ್ಟಳು. ಅದೇ ಕಾರ್ಮೆಲ್ ಪಂಥದ ಮಠವೊಂದು, ಫ್ರಾನ್ಸಿನಿಂದಲೇ ಬಂದ ಸನ್ಯಾಸಿನಿಯರಿಂದ, ನಮ್ಮ ಮಂಗಳೂರಿನಲ್ಲಿ 1870ರಲ್ಲೇ ಆರಂಭವಾಗಿತ್ತೆಂದು ತಿಳಿದಾಗ ಆ ದೂರದ ಊರು ನನಗೆ ಸ್ವಲ್ಪ ಹತ್ತಿರವಾಯಿತು.

ಮಠವೆಂದರೆ ಸ್ವರ್ಗವೆಂದು ಅವಳು ಎಣಿಸಿದ್ದರೆ ಮೊದಲ ಚಳಿಗಾಲದಲ್ಲೇ ಆ ಭ್ರಮೆ ಹರಿದಿರಬೇಕು. ಬೆಂಕಿ ಕಾಯಿಸುವುದಕ್ಕೆ ಇದ್ದುದು ಒಂದೇ ಕೋಣೆ. ಒಂದೇ ಗೋಡೆಯೊಳಗೆ ಸಾಯುವ ತನಕ ಇರಬೇಕಾದ ಇಪ್ಪತ್ತು ಚಿಲ್ಲರೆ ಹೆಂಗಸರು. ಬೇರೆ ಬೇರೆ ಮನೆತನ, ಬೇರೆ ಬೇರೆ ಸಿಡುಕು. ಇದೂ ಒಂದು ಕೂಡುಕುಟುಂಬವೇ. ವರ್ಗವಂತೂ ಇಲ್ಲ. ಅವಳು ಸೇರಿದ ಮರುವರ್ಷವೇ ತಂದೆಯ ಬುದ್ಧಿ ಕದಡಿ ಅವರನ್ನು ಕಾನ್ ಊರಿನ ಮಾನಸಿಕ ಆಸ್ಪತ್ರೆಗೆ ಸೇರಿಸಬೇಕಾಯಿತು. ಮಗಳು ಮಠ ಸೇರಿದ್ದೇ ಅದಕ್ಕೆ ಕಾರಣವೆಂದು ಆಡಿಕೊಂಡವರೂ ಇದ್ದರು.

ಅವಳ ಬರಹದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಧ್ಯಾನದ ಮಾತುಗಳಲ್ಲ, ಇಂಥ ಸಣ್ಣ ಸಂಗತಿಗಳು. ಸಂಜೆಯ ಪ್ರಾರ್ಥನೆಯಲ್ಲಿ ಅವಳ ಹಿಂದೆ ಕೂರುತ್ತಿದ್ದ ಒಬ್ಬಾಕೆ ಎರಡು ಚಿಪ್ಪುಗಳನ್ನು ಉಜ್ಜಿದಂಥ ಒಂದು ಸದ್ದು ಮಾಡುತ್ತಿದ್ದಳಂತೆ. ತಿರುಗಿ ಕೆಕ್ಕರಿಸಿ ನೋಡಬೇಕೆಂಬ ಆಸೆ. ತಡೆದು ತಡೆದು ಮೈ ಬೆವರುತ್ತಿತ್ತು. ಕೇಳದಿರಲು ಯತ್ನಿಸಿ ಸೋತು, ಕೊನೆಗೆ ಅದನ್ನೇ ಸಂಗೀತವೆಂಬಂತೆ ಗಮನವಿಟ್ಟು ಕೇಳಿ ದೇವರಿಗೆ ಒಪ್ಪಿಸಿದಳು. ಇದನ್ನು ಓದಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕುಳಿತೆ. ಟಣ್, ಟಣ್, ಟಣ್.

ಬಟ್ಟೆ ಒಗೆಯುವಾಗ ಎದುರಿನವಳು ಕೊಳಕು ನೀರನ್ನು ಮುಖಕ್ಕೇ ಎರಚುವಂತೆ ಕೈವಸ್ತ್ರ ಬಡಿಯುತ್ತಿದ್ದಳು. ಹಿಂದೆ ಸರಿದು, ಮುಖ ಒರೆಸಿಕೊಂಡು, ನೋಡು ನೀನು ಮಾಡುತ್ತಿರುವುದನ್ನು ಎಂದು ತೋರಿಸಬೇಕೆನ್ನಿಸಿತಂತೆ. ನಾವೆಲ್ಲ ಮಾಡುವುದೇ ಅದನ್ನು. ಅವಳು ನಿಂತಲ್ಲೇ ನಿಂತಳು. ಇನ್ನೊಬ್ಬಾಕೆಯ ನಡೆ, ನುಡಿ, ರೀತಿ ಯಾವುದೂ ಅವಳಿಗೆ ಸೇರುತ್ತಿರಲಿಲ್ಲ. ಎದುರಾದಾಗಲೆಲ್ಲ ಅವಳಿಗೆ ಒಂದು ನಗು ಕೊಟ್ಟಳು, ಕೈಲಾದ ಕೆಲಸ ಮಾಡಿಕೊಟ್ಟಳು, ಸಹನೆ ತೀರಾ ಮೀರಿದಾಗ ಅಲ್ಲಿಂದ ಓಡಿಯೂ ಹೋದಳು. ನನ್ನಲ್ಲಿ ನಿನ್ನನ್ನು ಇಷ್ಟು ಸೆಳೆಯುವುದೇನು ಎಂದು ಆಕೆ ಒಂದು ದಿನ ಬೆರಗಾಗಿ ಕೇಳಿದಳಂತೆ.

ಕಾಲು ಬಾರದ ಮುದುಕಿ ಸಿಸ್ಟರ್ ಒಬ್ಬರಿದ್ದರು. ಸಂಜೆ ಅವರನ್ನು ಊಟದ ಕೋಣೆಗೆ ನಡೆಸಿಕೊಂಡು ಹೋಗುವುದು ತೆರೇಸಾ ಕೇಳಿ ಪಡೆದ ಕೆಲಸ. ಬೇಗ ನಡೆದರೆ ಬೀಳುತ್ತೇನೆಂದು ಗೊಣಗು, ನಿಧಾನವಾದರೆ ಕೈಬಿಟ್ಟೆಯಾ ಎಂದು ಗೊಣಗು. ಅತ್ತೆಯರ ಆರೈಕೆ ಮಾಡಿದ ಯಾರಿಗೂ ಇದನ್ನು ವಿವರಿಸಬೇಕಾಗಿಲ್ಲ. ಕೂರಿಸಿ ತೋಳು ಮಡಚಿಕೊಟ್ಟರೆ ಅಲ್ಲಿಗೆ ಕೆಲಸ ಮುಗಿಯಿತು. ಆದರೆ ಆ ಮುರುಟಿದ ಕೈಗಳಿಂದ ರೊಟ್ಟಿ ಕತ್ತರಿಸಲು ಅವರು ಪಡುವ ಕಷ್ಟ ತೆರೇಸಾಳ ಕಣ್ಣಿಗೆ ಬಿತ್ತು. ಅಂದಿನಿಂದ ಹೇಳಿಸಿಕೊಳ್ಳದೆ ರೊಟ್ಟಿ ಕತ್ತರಿಸಿಕೊಟ್ಟು, ಹೊರಡುವ ಮುಂಚೆ ಒಂದು ನಗು ನಕ್ಕು ಬರುತ್ತಿದ್ದಳು. ಮೆಟ್ಟಿಲ ಮೇಲೆ ತಂದೆಯ ದಣಿವನ್ನು ಕಂಡ ಕಣ್ಣೇ ಇದು.

1896ರ ಏಪ್ರಿಲ್‌ನಲ್ಲಿ, ಈಸ್ಟರಿಗೆ ಮುಂಚಿನ ಶುಕ್ರವಾರ, ಅವಳು ಮೊದಲ ಸಲ ರಕ್ತ ಕೆಮ್ಮಿದಳು. ಕ್ಷಯ. ಅದಕ್ಕಿಂತ ಕಠಿಣವಾದದ್ದು ಅದರ ಬೆನ್ನಿಗೇ ಬಂತು. ಪರಲೋಕವೇ ಸುಳ್ಳೇನೋ, ಎದುರಿಗಿರುವುದು ಬರೀ ಗೋಡೆಯೇನೋ ಎಂಬ ಕತ್ತಲೆ ಅವಳ ಮನಸ್ಸನ್ನು ಕವಿಯಿತು. ಸಾಯುವವರೆಗೂ ಅದು ಹೆಚ್ಚುಕಡಿಮೆ ಹಾಗೇ ಉಳಿಯಿತು. ಪ್ಯಾರಿಸಿನಲ್ಲಿ ಅವಳಿಗಾಗಿ ಪೂಜೆಗಳು ನಡೆದವು, ಗುಣವಾಗಲಿಲ್ಲ. ನೋವು ಮಿತಿಮೀರಿದಾಗ, ಇಂಥ ರೋಗಿಯ ಕೈಗೆಟಕುವಂತೆ ವಿಷದ ಔಷಧ ಇಡಬಾರದೆಂದು ಎಚ್ಚರಿಸುವಷ್ಟು ನೇರವಾಗಿದ್ದಳು. ಅದೇ 1896ರ ಸೆಪ್ಟೆಂಬರಿನಲ್ಲಿ, ಆ ಕತ್ತಲೆಯ ನಡುವೆಯೇ, ಸಂತ ಪೌಲ ಕೊರಿಂಥದವರಿಗೆ ಬರೆದ ಪತ್ರ ಓದುತ್ತ ತನ್ನ ಕೆಲಸ ಏನೆಂದು ಕಂಡುಕೊಂಡಳು. ಧರ್ಮಸಭೆ ಒಂದು ದೇಹವಾದರೆ ಅದಕ್ಕೊಂದು ಹೃದಯ ಇರಲೇಬೇಕು. ತಾನು ಆ ಹೃದಯದಲ್ಲಿ ಪ್ರೀತಿಯಾಗಿರುತ್ತೇನೆ. ಹೊರಗಿನ ಬೆಳಕೆಲ್ಲ ಆರಿದ ಮೇಲೂ ಅವಳಲ್ಲಿ ಉಳಿದದ್ದು ಅದೊಂದೇ. 1897ರ ಸೆಪ್ಟೆಂಬರ್ 30ರಂದು, ತನ್ನ 24ನೆಯ ವಯಸ್ಸಿನಲ್ಲಿ, ತೀರಿಕೊಂಡಳು.

ಮಠದ ಮೇಲ್ವಿಚಾರಣೆ ಹೊತ್ತಿದ್ದ ಪೋಲಿನ್ ಅಕ್ಕನ ಆಜ್ಞೆಯಂತೆ ಶಾಲೆಯ ನೋಟುಬುಕ್ಕಿನಲ್ಲಿ ಅವಳು ಬರೆದಿಟ್ಟ ನೆನಪುಗಳು ಮರುವರ್ಷ ‘ಒಂದು ಆತ್ಮದ ಕಥೆ’ ಎಂಬ ಪುಸ್ತಕವಾದವು. ಮೊದಲ ಮುದ್ರಣ 2000 ಪ್ರತಿ. ಪೋಲಿನ್ ತಂಗಿಯ ಭಾಷೆಯನ್ನು ತುಂಬ ತಿದ್ದಿದ್ದಳು. ತೆರೇಸಾ ಬರೆದದ್ದು ಬರೆದಂತೆಯೇ ಹೊರಬಂದದ್ದು 1956ರಲ್ಲಿ. 1925ರಲ್ಲಿ ಅವಳನ್ನು ಸಂತಳೆಂದು ಸಾರಿದರು. ಮದರ್ ತೆರೇಸಾ ಸನ್ಯಾಸಿನಿಯಾದಾಗ ಆರಿಸಿಕೊಂಡದ್ದು ಇವಳ ಹೆಸರನ್ನೇ. 1997ರಲ್ಲಿ ಎರಡನೆಯ ಜಾನ್ ಪಾಲ್ ಪೋಪರು ಧರ್ಮಸಭೆಯ ಮಹಾಗುರುಗಳ ಸಾಲಿಗೆ ಅವಳನ್ನು ಸೇರಿಸಿದರು. ಆ ಸಾಲಿನಲ್ಲಿ ಅವಳು ಮೂರನೆಯ ಹೆಂಗಸು. 2015ರಲ್ಲಿ ಲೂಯಿ ಮತ್ತು ಝೆಲಿ, ಗಂಡಹೆಂಡತಿ ಇಬ್ಬರನ್ನೂ ಒಟ್ಟಿಗೇ ಸಂತರೆಂದು ಸಾರಿದಾಗ ನಾನು ಆ ಲೇಸಿನ ವ್ಯಾಪಾರಗಿತ್ತಿಯನ್ನು ನೆನೆದು ಖುಷಿಪಟ್ಟೆ.

ಇಲ್ಲಿ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ‘ಪ್ರೀತಿಯಿಂದ ಸಹಿಸಿಕೋ’ ಎಂಬ ಉಪದೇಶ ನಮ್ಮ ಹೆಣ್ಣುಮಕ್ಕಳಿಗೆ ಹೊಸದಲ್ಲ; ಅದನ್ನು ಹೇಳಿಯೇ ಎಷ್ಟೋ ಜನರನ್ನು ಬಾವಿಯ ದಂಡೆಯವರೆಗೆ ತಳ್ಳಿದ್ದೇವೆ. ಹೊಡೆತ ತಿನ್ನುವವಳಿಗೆ ಹೊರಗಿನ ಸಹಾಯ ಬೇಕು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಬಂದದ್ದು ಅದಕ್ಕೇ. ತವರು, ಗೆಳತಿ, ಪೋಲೀಸು ಎಲ್ಲ ಇರುವುದೂ ಅದಕ್ಕೇ. ಅವಳಿಗೆ ತೆರೇಸಾಳ ಕಥೆ ಹೇಳಿ ಕೂರಿಸುವುದು ಪಾಪ. ತೆರೇಸಾ ಎದುರಿಸಿದ್ದು ಬೇರೆ ಬಗೆಯದನ್ನು. ಚಿಪ್ಪಿನ ಸದ್ದು, ಕೊಳಕು ನೀರು, ಗೊಣಗು. ಯಾವ ಕಾಯ್ದೆಯೂ ಬಂದು ಬಿಡಿಸಲಾರದ, ಆದರೂ ನಮ್ಮ ಆಯುಷ್ಯದ ಮುಕ್ಕಾಲನ್ನು ತಿಂದುಬಿಡುವ ಕಹಿ. ಅದರಿಂದ ನಮ್ಮನ್ನು ಬಿಡಿಸಲು ಯಾವ ವರ್ಗಾವಣೆಯ ಆರ್ಡರೂ ಬರುವುದಿಲ್ಲ. ನನಗೆ ಬಂದಿತ್ತಲ್ಲ, ಅದಕ್ಕೇ ಹೇಳುತ್ತೇನೆ.

ಪುಸ್ತಕ ಓದಿ ನಾನು ಬದಲಾದೆ ಎಂದು ಹೇಳಿಕೊಂಡರೆ ನಮ್ಮವರೇ ನಗುತ್ತಾರೆ. ಆದರೆ ಆ ವರ್ಷ ಮಾವನ ತಿಥಿಗೆ ಊರಿಗೆ ಹೋದಾಗ ನೆಂಟರ ಜೊತೆ ಚಾವಡಿಯಲ್ಲಿ ಕೂರಲಿಲ್ಲ. ನೇರ ಅಡುಗೆಮನೆಗೆ ಹೋಗಿ ತುರಿಮಣೆ ಎಳೆದುಕೊಂಡೆ. ಅಕ್ಕ ಒಲೆಯ ಮುಂದಿದ್ದರು. ಕೂದಲು ಪೂರಾ ಬೆಳ್ಳಗಾಗಿತ್ತು. ಕೈಯ ಗಿಣ್ಣುಗಳು ಊದಿಕೊಂಡಿದ್ದವು. ಒಂದೇ ಒಲೆಯ ಮುಂದೆ ಒಂಬತ್ತು ವರ್ಷ ನಿಂತಿದ್ದರೂ ಆ ಕೈಗಳನ್ನು ನಾನು ನೋಡಿರಲಿಲ್ಲ. ಅವರು ಹುಳಿ ಕಲಕಿ ಸೌಟು ಕುಟ್ಟಿದರು. ನಾನು ತುರಿಯುವುದು ನಿಲ್ಲಿಸಿ ಕೇಳಿಯೇಬಿಟ್ಟೆ.

“ಅಕ್ಕ, ನೀವು ಯಾವಾಗಲೂ ಮೂರೇ ಸಲ ಕುಟ್ಟುವುದು ಯಾಕೆ?”

ಅವರು ಸೌಟನ್ನೂ ನನ್ನನ್ನೂ ನೋಡಿದರು.

“ನಾನಾ? ನಾನು ಕುಟ್ಟುತ್ತೇನಾ?”

ಅವರಿಗೆ ಗೊತ್ತೇ ಇರಲಿಲ್ಲ. ಒಂಬತ್ತು ವರ್ಷ ನಾನು ರಾತ್ರಿ ನಿದ್ದೆಗೆಟ್ಟು ಉತ್ತರ ಹುಡುಕಿದ ಮಾತನ್ನು ಅವರು ಆಡಿಯೇ ಇರಲಿಲ್ಲ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ಆ ಕಾಯಿ ಬಲಿತದ್ದು, ಕೈ ನೋಡಿಕೋ” ಎಂದು ಅವರು ಒಲೆಯ ಕಡೆಗೆ ತಿರುಗಿ ಮತ್ತೆ ಕಲಕಿದರು. ಮತ್ತೆ ಮೂರು ಸಲ ಕುಟ್ಟಿದರು. ಈ ಸಲ ಅವರಿಗೂ ಅದು ಕೇಳಿಸಿತೆಂದು ಕಾಣುತ್ತದೆ; ಭುಜ ಕುಲುಕಿಸಿ ನಗುತ್ತಿದ್ದರು. ತುರಿಯಲು ಇನ್ನೂ ನಾಲ್ಕು ಕಾಯಿ ಬಾಕಿ ಇತ್ತು.